ಅಬಾರ್ಟ್ ಎನ್ನಲು ಒಂದು ಕಾರಣ

ಶುಕ್ರವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ದೇಚವ್ವ ತೀರಿಕೊಂಡರು. ಆ ಹೊತ್ತಿಗೆ ಅವರ ಮನೆಯ ಕೆಳಗಿನ ಕಾಫಿ ತೋಟದಲ್ಲಿ ಏಳು ಕಾಡಾನೆಗಳಿದ್ದವು. ಆನೆಗಳ ಹಿಂದೆ ಅರಣ್ಯ ಇಲಾಖೆಯ ಇಪ್ಪತ್ತೆರಡು ಜನರಿದ್ದರು.

ಈ ಎರಡು ಸಂಗತಿಗಳಿಗೆ ಮೊದಲು ಸಂಬಂಧವಿರಲಿಲ್ಲ. ಹನ್ನೊಂದರ ಹೊತ್ತಿಗೆ ಸಂಬಂಧ ಉಂಟಾಯಿತು.

ದೇಚವ್ವನಿಗೆ ತೊಂಬತ್ತೊಂದು ವರ್ಷ. ಕೆಲವು ವಾರಗಳಿಂದ ಹಾಸಿಗೆ ಹಿಡಿದಿದ್ದರು. ಅವರ ಮಗ ನಾಣಯ್ಯ ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಚೆಟ್ಟಳ್ಳಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಪಕ್ಕ ಒಂದು ದಿಬ್ಬದ ಮೇಲೆ ಅವರ ಮನೆ. ದಿಬ್ಬದ ಕೆಳಗಿನಿಂದ ಶುರುವಾಗುವುದು ಬೇರೆಯವರ ದೊಡ್ಡ ಎಸ್ಟೇಟ್. ಅದರ ತಳದಲ್ಲಿ ಒಂದು ಕೆರೆ. ಡಿಸೆಂಬರ್ ಮೊದಲ ವಾರ ರಸ್ತೆಯಾಚೆಯ ಕಾಡಿನಿಂದ ಬಂದ ಆನೆಗಳು ಆ ಕೆರೆಯ ಸುತ್ತ ಉಳಿದುಬಿಟ್ಟಿದ್ದವು. ಅಂದಿನಿಂದ ಕಾಫಿ ಹಣ್ಣಿನ ಪಿಕ್ಕಿಂಗ್ ನಿಂತಿತ್ತು. ಹಣ್ಣು ಗಿಡದಲ್ಲೇ ಒಣಗುತ್ತಿತ್ತು. ಕೆಲಸದವರು ತಮ್ಮ ವಸತಿಯ ಲೈನ್ ಮನೆಗಳಲ್ಲಿ ಕುಳಿತಿದ್ದರು.

ಆನೆಗಳನ್ನು ವಾಪಸ್ ಕಾಡಿಗೆ ಅಟ್ಟುವ ಹೊಣೆ ಉಪ ವಲಯ ಅರಣ್ಯಾಧಿಕಾರಿ ಕೀರ್ತಿಕುಮಾರ್ ಅವರದು. ಶನಿವಾರಸಂತೆ ಕಡೆಯವರು, ಮೂವತ್ತನಾಲ್ಕು ವರ್ಷ. ಅವರು ಹಾಕಿದ ಯೋಜನೆ ಸರಳವಾಗಿತ್ತು. ಎಡ ಸಾಲು, ಬಲ ಸಾಲು ಎಂದು ಜನರನ್ನು ಎರಡು ಮಾಡಿ ಆನೆಗಳ ಹಿಂದೆ ನಿಲ್ಲಿಸುವುದು, ಡಬ್ಬ ಬಡಿಯುತ್ತ, ಪಟಾಕಿ ಹಚ್ಚುತ್ತ ದಿಬ್ಬದ ಬದಿಯಿಂದ ಮೇಲಕ್ಕೆ ತರುವುದು, ರಸ್ತೆ ದಾಟಿಸುವುದು. ರಸ್ತೆಯ ಎರಡೂ ಕಡೆ ವಾಹನ ತಡೆದಿದ್ದರು. ಯೋಜನೆಯಲ್ಲಿ ಒಂದೇ ಷರತ್ತಿತ್ತು: ಶಬ್ದ ಹಿಂದಿನಿಂದ ಮಾತ್ರ ಬರಬೇಕು. ಮುಂದಿನಿಂದ ಶಬ್ದ ಬಂದರೆ ಆನೆಗಳು ತಿರುಗಿ ಸಾಲಿನ ಮೇಲೆ ಬರುತ್ತವೆ.

ಮುಂದೆ ಇದ್ದದ್ದು ನಾಣಯ್ಯನವರ ಮನೆ.

ತೋಟ ಕಾಣುವ ಎತ್ತರದ ಜಾಗ ಅದೇ ಆದ್ದರಿಂದ ಕೀರ್ತಿಕುಮಾರ್ ತಮ್ಮ ಜೀಪನ್ನು ನಾಣಯ್ಯನವರ ಗೇಟಿನ ಬಳಿ ನಿಲ್ಲಿಸಿ, ವಾಕಿಟಾಕಿ ಹಿಡಿದು ನಿಂತಿದ್ದರು. ಹನ್ನೊಂದಕ್ಕೆ ಗೇಟು ತೆರೆಯಿತು. ನಾಣಯ್ಯ ಬಂದರು. ಆನೆಗಳು ಹತ್ತಿರವಿದ್ದುದರಿಂದ ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿದರು.

"ಅವ್ವ ಹೋದ್ರು," ಎಂದರು ನಾಣಯ್ಯ.

ಕೀರ್ತಿಕುಮಾರ್ ಟೋಪಿ ತೆಗೆದರು. "ಯಾವಾಗ ಸರ್?"

"ಈಗ. ಕಾಲು ಗಂಟೆ ಆಯ್ತು."

"ಬೇಜಾರಾಯ್ತು ಸರ್."

"ಹೌದು. ನಾನು ಎರಡು ಗುಂಡು ಹಾರಿಸಬೇಕು."

ಕೀರ್ತಿಕುಮಾರ್ ಕೆಳಗೆ ನೋಡಿದರು. ಗಿಡಗಳ ಮೇಲೆ ಐದು ಬೆನ್ನುಗಳು ಕಾಣುತ್ತಿದ್ದವು. ಉಳಿದ ಎರಡು ಮರಿಗಳು, ಅವು ಕಾಣುವಷ್ಟು ಎತ್ತರವಿರಲಿಲ್ಲ.

"ಈಗ ಆಗಲ್ಲ ಸರ್."

"ಗೊತ್ತು. ಅದಕ್ಕೇ ಕೇಳಲಿಕ್ಕೆ ಬಂದೆ."

ಕೊಡವರ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಊರಿಗೆ ಅದೇ ಸುದ್ದಿ. ಕೇಳಿದವರು ಕೈಯಲ್ಲಿನ ಕೆಲಸ ಬಿಟ್ಟು ಹೊರಡುತ್ತಾರೆ. ಗಂಡು ಮಗು ಹುಟ್ಟಿದರೆ ಹಾರಿಸುವುದು ಒಂದೇ ಗುಂಡು. ಈಗ ಎಲ್ಲರ ಬಳಿಯೂ ಫೋನ್ ಇದೆ, ಗುಂಡೂ ಇದೆ.

ದೇಚವ್ವನ ಮನೆಯಲ್ಲಿ ಗುಂಡಿಗೆ ಇನ್ನೂ ಒಂದು ಕಾರಣವಿತ್ತು. ಅವರ ಗಂಡ ತೀರಿಕೊಂಡದ್ದು ನಾಲ್ಕು ದಶಕಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ. ನಾಣಯ್ಯ ಆಗ ಗಡಿಯಲ್ಲಿದ್ದರು. ಅವರ ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮನೆಯ ಕೆಲಸದಾಳು ಕೋವಿ ತೆಗೆದು ಅಂಗಳಕ್ಕಿಳಿದ. ಮೊದಲನೆಯ ತೋಟೆ ಸಿಡಿಯಿತು. ಎರಡನೆಯದು ನೆನೆದಿತ್ತು, ಸಿಡಿಯಲಿಲ್ಲ. ಮನೆಯಲ್ಲಿ ಮತ್ತೊಂದು ತೋಟೆ ಇರಲಿಲ್ಲ. ಊರಿಗೆ ಒಂದೇ ಗುಂಡು ಕೇಳಿತು. ದೇಚವ್ವನ ಮಗಳಿಗೆ ಗಂಡು ಮಗುವಾಯಿತು ಎಂದು ಊರು ಸಂತೋಷಪಟ್ಟಿತು. ಪುರುಡಿನ ಮನೆಗೆ ಅಂದೇ ಹೋಗುವ ಪದ್ಧತಿ ಇಲ್ಲ, ಮಳೆಯೂ ಇತ್ತು. ಆಳಿನ ಕೈಯಲ್ಲಿ ಹೇಳಿಕಳಿಸಿದರೆ ಹೊಳೆ ತುಂಬಿ ಅವನು ಆಚೆ ದಡದಲ್ಲೇ ಉಳಿದ. ಸಂಜೆ ಹಾಲಿಗೆ ಬಂದ ಪಕ್ಕದ ಮನೆಯಾಕೆ, ಮಗು ಯಾರ ಹಾಗಿದೆ ಎಂದು ಬಾಗಿಲಿನಿಂದಲೇ ಕೇಳಿದಳು. ಬಸುರಿ ಮಗಳನ್ನು ಹೆಣದ ಬಳಿ ಕೂರಿಸುವಂತಿರಲಿಲ್ಲ, ಅಲ್ಲಿಯವರೆಗೆ ದೇಚವ್ವ ಹೆಣದ ಪಕ್ಕ ಒಬ್ಬರೇ ಕುಳಿತಿದ್ದರು.

ಅದಾದ ಮೇಲೆ ಅವರು ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟರು. ಅದರಲ್ಲಿ ಮೂರು ತೋಟೆಗಳಿದ್ದವು. ಎರಡು ತಮಗೆ, ಒಂದು ಅನುಮಾನಕ್ಕೆ. ಕೆಲವು ವರ್ಷಕ್ಕೊಮ್ಮೆ ಹಳೆಯವನ್ನು ಹಂದಿ ಬೆದರಿಸಲು ಕೊಟ್ಟು ಹೊಸವನ್ನು ತರಿಸುತ್ತಿದ್ದರು. ಗ್ಯಾಸ್ ಬಂದ ಮೇಲೂ ಆ ಒಲೆ ಆರಲಿಲ್ಲ. ಮಗನಿಗೆ ಅವರು ಹೇಳಿದ್ದು ಒಂದೇ ಮಾತು: "ನನ್ನನ್ನು ಸಂಜೆವರೆಗೆ ಒಬ್ಬಳೇ ಮಲಗಿಸಬೇಡ."

ಇದನ್ನೆಲ್ಲ ನಾಣಯ್ಯ ಗೇಟಿನ ಬಳಿ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟು: "ಹತ್ತು ನಿಮಿಷ ಹೋಲ್ಡ್ ಕೊಡಿ."

ಹೋಲ್ಡ್ ಎಂಬುದು ಕೀರ್ತಿಕುಮಾರ್ ತಂದ ಪದಗಳಲ್ಲಿ ಒಂದು. ಇನ್ನೊಂದು ಅಬಾರ್ಟ್. ಈ ಪದಗಳು ಬಂದ ಬಗೆಯನ್ನು ಇಲ್ಲಿ ಹೇಳಬೇಕು.

ಎರಡು ವರ್ಷ ಹಿಂದೆ ಇಂಥದ್ದೇ ಒಂದು ಕಾರ್ಯಾಚರಣೆಯಲ್ಲಿ ಆಗಿನ ಅಧಿಕಾರಿ ವಾಕಿಟಾಕಿಯಲ್ಲಿ "ನಿಲ್ಸಿ, ನಿಲ್ಸಿ" ಎಂದಿದ್ದರು. ಬಲ ಸಾಲಿನವರು ಇದ್ದಲ್ಲೇ ನಿಂತರು. ಎಡ ಸಾಲಿನವರು ಕೆಲಸ ಮುಗಿಯಿತೆಂದು ಹಿಂದಿರುಗಿದರು. ಇಬ್ಬರು ಟೀ ಕುಡಿಯಲು ಹೋದರು. ನಡುವೆ ಉಳಿದ ಒಬ್ಬನನ್ನು ಸಲಗ ಕಾಫಿ ಗಿಡಗಳ ಮೇಲೆ ಎಸೆಯಿತು. ಭುಜದ ಮೂಳೆ ಮುರಿಯಿತು. ಆ ಒಬ್ಬ ಮಹೇಶ್. ಹೆಬ್ಬಾಲೆಯವನು, ತಾತನ ಕಾಲದಲ್ಲಿ ಹಾಸನ ಕಡೆಯಿಂದ ಬಂದ ಮನೆತನ. ಆಂಬುಲೆನ್ಸ್ ಬರುವವರೆಗೆ ಅವನನ್ನು ಮಲಗಿಸಿದ್ದು ದೇಚವ್ವನ ಜಗಲಿಯಲ್ಲಿ. ಆಕೆ ಅವನಿಗೆ ಕಾಫಿ ಕುಡಿಸಿ, ಇಷ್ಟು ಸಣಕಲು ಇದ್ದರೆ ಆನೆಗೆ ಏನು ಗೌರವ ಎಂದು ಬೈದಿದ್ದರು. ಈಗ ಎಡ ಸಾಲಿನ ಮುಂದಾಳು ಅವನೇ.

ಕೀರ್ತಿಕುಮಾರ್ ವರ್ಗವಾಗಿ ಬಂದಾಗ ಮೊದಲು ಮಾಡಿದ ಕೆಲಸ ತರಬೇತಿ. 'ನಿಲ್ಲಿಸಿ' ಎಂಬ ಪದಕ್ಕೆ ಇಪ್ಪತ್ತೆರಡು ಜನ ಇಪ್ಪತ್ತೆರಡು ಅರ್ಥ ಮಾಡಿಕೊಳ್ಳುವುದರಿಂದ ಅದನ್ನು ವಾಕಿಟಾಕಿಯಿಂದ ತೆಗೆದುಹಾಕಲಾಗಿದೆ ಎಂದು ಸಮುದಾಯ ಭವನದಲ್ಲಿ ಪ್ರಕಟಿಸಿದರು. ಅಬಾರ್ಟ್ ಎಂಬ ಪದವನ್ನು ಆಸ್ಪತ್ರೆಯಲ್ಲಿ ಮಾತ್ರ ಕೇಳಿದ್ದವರು ಇಬ್ಬರಿದ್ದರು. ಅವರು ನೆಲ ನೋಡಿದರು. ಉಳಿದವರು ಕೇಳಿಯೇ ಇರಲಿಲ್ಲ.

"ಅಬಾರ್ಟ್ ಅಂದ್ರೂ ನಿಲ್ಸೋದೇ ಅಲ್ವಾ ಸಾರ್?" ಎಂದು ಕೇಳಿದವನು ನಂದೀಶ್. ನಾಣಯ್ಯನವರ ಮನೆಯಿಂದ ಮೂರನೇ ಮನೆಯವನು.

"ಅಲ್ಲ. ಇದ್ದಲ್ಲೇ ನಿಲ್ಲೋದು ಹೋಲ್ಡ್. ಅಬಾರ್ಟ್ ಅಂದ್ರೆ ಮುಗಿಯೋಕ್ ಮುಂಚೆ ಕೈ ಬಿಡೋದು. ಎಲ್ಲಿಂದ ಹೊರಟ್ವೋ ಅಲ್ಲಿಗೆ ವಾಪಸ್."

"ಸೋತ್ವಿ ಅಂತಾನಾ?"

"ಸೋಲೋದು ಕೊನೇಲಿ. ಇದು ಅದಕ್ಕಿಂತ ಮೊದ್ಲು."

"ಹಂಗಾದ್ರೆ ಸೋಲೋಕ್ ಮುಂಚೆ ಮನೆಗೆ ಹೋಗೋದು."

"ಹೂಂ. ಹಂಗೇ ಅನ್ಕೋ."

"ಇದ್ನ ನಮ್ಮಪ್ಪನಿಗೆ ಯಾರಾದ್ರೂ ಇಸ್ಪೀಟ್ ಆಡೋವಾಗ ಹೇಳ್ಕೊಡ್ಬೇಕಿತ್ತು," ಎಂದ ಮಹೇಶ್.

ನಿಯಮಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಹಂಚಲಾಯಿತು. ಅಬಾರ್ಟ್ ಎನ್ನುವ ಅಧಿಕಾರ ಮುಖ್ಯಸ್ಥರಿಗೆ ಮಾತ್ರ. ಹೇಳಿದ ಕೂಡಲೇ ಪ್ರತಿ ಸಾಲಿನ ಮುಂದಾಳು ಅದೇ ಪದವನ್ನು ತಿರುಗಿ ಹೇಳಬೇಕು. ಯಾಕೆ ಎಂದು ಕೇಳುವಂತಿಲ್ಲ. ಆನೆಗಳನ್ನು ಇದ್ದಲ್ಲೇ ಬಿಟ್ಟು ಎಲ್ಲರೂ ಹೊರಟ ಜಾಗಕ್ಕೆ ಮರಳಬೇಕು. ಬೆದರಿದ ಆನೆಗಳು ತಣಿಯಲೆಂದು ಮತ್ತೆ ಮೂರು ದಿನ ಕಾರ್ಯಾಚರಣೆ ಇಲ್ಲ. ಕೊನೆಯ ನಿಯಮ: ಮನುಷ್ಯರ ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಈ ಪದ ಬಳಸತಕ್ಕದ್ದು. ಈ ಕೊನೆಯ ಸಾಲನ್ನು ಕೀರ್ತಿಕುಮಾರ್ ಉದ್ದೇಶಪೂರ್ವಕವಾಗಿ ಸೇರಿಸಿದ್ದರು. ಸುಲಭವಾಗಿ ಸಿಗುವ ಪದವನ್ನು ಜನ ಸುಲಭವಾಗಿ ಬಳಸುತ್ತಾರೆ ಎಂಬುದು ಅವರ ಅಭಿಪ್ರಾಯ. ಅಲ್ಲಿಂದ ಇಲ್ಲಿಯವರೆಗೆ ಯಾರೂ ಅದನ್ನು ಬಳಸಿರಲಿಲ್ಲ.

ಹೋಲ್ಡ್ ಕೊಡಿ ಎಂದು ನಾಣಯ್ಯ ಕೇಳಿದಾಗ ಕೀರ್ತಿಕುಮಾರ್ ಆಗದೆಂದು ತಲೆಯಾಡಿಸಿದರು.

"ಹೋಲ್ಡ್ ಕೊಟ್ರೆ ಹುಡುಗ್ರು ಆನೆ ಹಿಂದೇನೇ ನಿಂತಿರ್ತಾರೆ ಸರ್. ನೀವು ಮುಂದಿಂದ ಹಾರ್ಸಿದ್ರೆ ಆನೆ ಅವರ ಮೇಲೇ ತಿರುಗುತ್ತೆ."

"ಹಾಗಾದ್ರೆ ಅಬಾರ್ಟ್ ಮಾಡಿ."

"ಅದಕ್ಕೆ ಕಾರಣ ಬೇಕು. ಪ್ರಾಣಕ್ಕೆ ಅಪಾಯ ಇರ್ಬೇಕು."

"ಪ್ರಾಣ ಹೋಗಿದೆಯಲ್ಲ."

"ಹೋದ್ಮೇಲೆ ಅಪಾಯ ಅಂತ ಬರಲ್ಲ ಸರ್."

"ಯಾರು ಬರೆದದ್ದು ಇದನ್ನು?"

"ನಾನೇ."

"ಚೆನ್ನಾಗಿ ಬರೆದಿದ್ದೀರಿ," ಎಂದರು ನಾಣಯ್ಯ. ಅದರಲ್ಲಿ ಕೊಂಕು ಇರಲಿಲ್ಲ. ಸೇನೆಯಲ್ಲಿದ್ದವರು, ನಿಯಮ ಎಂದರೆ ಗೊತ್ತಿತ್ತು.

ಕೀರ್ತಿಕುಮಾರ್ ಸ್ವಲ್ಪ ಯೋಚಿಸಿದರು. "ರಸ್ತೆ ಆಚೆ ದೂರ ಹೋಗಿ ಹಾರಿಸಬಹುದಲ್ಲ ಸರ್?"

"ಆ ಕಡೆ ಬೋಪಣ್ಣನ ಮನೆ. ಅವನಿಗೆ ಎಂಬತ್ತು ದಾಟಿದೆ. ಜನ ಅಲ್ಲಿಗೆ ಹೋಗಿ ಕೂತ್ರೆ ಅವನು ಏನು ಮಾಡಬೇಕು?"

"ಅದೂ ಸರಿ."

ನಾಣಯ್ಯ ಗೇಟಿನ ಮೇಲೆ ಕೈಯಿಟ್ಟು ನಿಂತರು. "ಒಂದು ವೇಳೆ ನಾನು ಹಾರಿಸಿಯೇ ಬಿಡ್ತೇನೆ ಅಂತ ನಿಮಗೆ ಹೇಳಿದ್ರೆ? ಅದು ಅಪಾಯ ಆಗ್ತದಾ?"

"ಆಗುತ್ತೆ ಸರ್. ನೀವು ಹೇಳಿದ್ರೆ ಸಾಕು. ನಾನು ಅದನ್ನೇ ಕಾರಣ ಅಂತ ಬರೀತೀನಿ."

"ಹೇಳಿದ ಮೇಲೆ ಹಾರಿಸಬೇಕಾಗ್ತದೆ."

"ಹಾರಿಸ್ಲೇಬೇಕು ಅಂತ ಏನಿಲ್ಲ."

"ಹಾಗಾದ್ರೆ ಸುಳ್ಳು ಹೇಳಿದ ಹಾಗಾಯ್ತು. ಕೆಳಗೆ ಹುಡುಗರಿರುವಾಗ ನಾನು ಹಾರಿಸೋದಿಲ್ಲ, ಅದು ನಿಮಗೂ ಗೊತ್ತು." ನಾಣಯ್ಯ ಮನೆಯ ಕಡೆ ನೋಡಿದರು. "ಅವ್ವನ ಗುಂಡಿನ ವಿಷಯದಲ್ಲಿ ಸುಳ್ಳು ಬೇಡ. ಇನ್ನೂ ಎಷ್ಟು ಹೊತ್ತು ಆಗಬಹುದು?"

"ಆನೆ ಮನಸ್ಸು ಮಾಡಿದ್ರೆ ಅರ್ಧ ಗಂಟೆ. ಮಾಡ್ಲಿಲ್ಲ ಅಂದ್ರೆ ಸಂಜೆ."

"ಸಂಜೆ," ಎಂದರು ನಾಣಯ್ಯ. ಗೇಟು ಹಾಕಿಕೊಂಡು ಒಳಗೆ ಹೋದರು.

ಮನೆಯೊಳಗೆ ಅವರ ಹೆಂಡತಿ ಮತ್ತು ಮಗಳು ಅಮೃತಾ ಇದ್ದರು. ಅಮೃತಾ ಪೊನ್ನಂಪೇಟೆಯಲ್ಲಿರುವ ಸೋದರತ್ತೆಗೆ ಮಾತ್ರ ಫೋನ್ ಮಾಡಿದ್ದಳು, ಬೇರೆ ಯಾರಿಗೂ ಹೇಳಬೇಡಿ, ಗುಂಡು ಇನ್ನೂ ಹಾರಿಲ್ಲ ಎಂದೂ ಸೇರಿಸಿದ್ದಳು. ಅತ್ತೆ ಯಾರಿಗೂ ಹೇಳಲಿಲ್ಲ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ದೀಪದ ಚಿತ್ರ ಹಾಕಿದರು. ಹನ್ನೊಂದೂಕಾಲಿನ ಹೊತ್ತಿಗೆ ಸುದ್ದಿ ಊರಿಡೀ ತಿಳಿದಿತ್ತು.

ಆದರೆ ಯಾರೂ ಬರಲಿಲ್ಲ.

ಬಾರದಿರಲು ರಸ್ತೆ ತಡೆ ಕಾರಣವಲ್ಲ. ನಡೆದು ಬರುವವರಿಗೆ ಹಿಂಬದಿಯ ಕಾಲುದಾರಿಯಿತ್ತು. ಗುಂಡು ಕೇಳಿರಲಿಲ್ಲ, ಅಷ್ಟೆ. ಗುಂಡಿಗೆ ಮೊದಲು ಹೋದರೆ ಮನೆಯವರು ಏನೆಂದುಕೊಂಡಾರು? ನೆಂಟರ ಪೈಕಿಯ ಹಿರಿಯರೊಬ್ಬರು ಕಪ್ಪು ಕೋಟು ಹಾಕಿಕೊಂಡು ತಮ್ಮ ಜಗಲಿಯಲ್ಲಿ ಕಾಯುತ್ತ ಕುಳಿತರು. ಬೋಪಣ್ಣ ಶೇವ್ ಮಾಡಿಕೊಂಡು ಕಾದರು. ಒಬ್ಬರು ನಾಣಯ್ಯನವರಿಗೇ ಫೋನ್ ಮಾಡಿ, ಕಾಫಿ ರೇಟು ಏನಾಯಿತು ಎಂದು ಕೇಳಿ, ಮೆಣಸಿನ ರೇಟನ್ನೂ ಕೇಳಿ ಫೋನ್ ಇಟ್ಟುಬಿಟ್ಟರು.

ನಡುಮನೆಯಲ್ಲಿ ಮೂವರು ಕುಳಿತಿದ್ದರು. ದೇಚವ್ವನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬ ಇತ್ತು. ಗೋಡೆಯ ಮೇಲಿನ ಕೋವಿಯನ್ನು ನಾಣಯ್ಯ ಇಳಿಸಿರಲಿಲ್ಲ. ಇಳಿಸಿದರೆ ಕೈ ಸುಮ್ಮನಿರದು ಎಂದು ಹೆಂಡತಿಗೆ ಹೇಳಿದರು.

ಕೆಳಗೆ, ಎಡ ಸಾಲಿನ ಹನ್ನೊಂದು ಜನರಲ್ಲಿ ನಾಲ್ವರು ಆ ಊರಿನವರೇ. ಅವರ ಜೇಬಿನ ಫೋನ್‌ಗಳು ಒಂದಾದ ಮೇಲೊಂದು ನಡುಗಿದವು. ಓದಿ ಮತ್ತೆ ಜೇಬಿಗೆ ಹಾಕಿಕೊಂಡರು. ಗುಂಡು ಕೇಳಿದ್ದರೆ ಅವರು ಡಬ್ಬ ಕೆಳಗಿಟ್ಟು ಹೊರಡಬೇಕಿತ್ತು. ಕೇಳದಿದ್ದುದರಿಂದ ಬಡಿಯುತ್ತ ಮುಂದೆ ನಡೆದರು. ಆನೆಗಳು ನಿಧಾನವಾಗಿ ಮೇಲಕ್ಕೆ ಬರುತ್ತಿದ್ದವು. ಎಲ್ಲವೂ ಯೋಜನೆಯಂತೆ ನಡೆಯುತ್ತಿತ್ತು.

ಹನ್ನೊಂದೂವರೆಗೆ ಎಡ ಸಾಲು ನಾಣಯ್ಯನವರ ಮನೆಯ ನೇರ ಕೆಳಗೆ ಬಂತು. ಇಲ್ಲಿಂದ ರಸ್ತೆಗೆ ಕೂಗಳತೆ ದೂರ. ಇಲ್ಲಿ ಆನೆಗಳು ಅನುಮಾನಿಸುತ್ತವೆ, ಇಲ್ಲೇ ಜೋರು ಶಬ್ದ ಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು.

"ಎಡ ಸಾಲು, ಪಟಾಕಿ," ಎಂದರು ಕೀರ್ತಿಕುಮಾರ್.

ಕೆಳಗೆ ಒಂದೂ ಪಟಾಕಿ ಸಿಡಿಯಲಿಲ್ಲ.

"ಎಡ ಸಾಲು. ಪಟಾಕಿ ಹಚ್ಚಿ."

"ಪಟಾಕಿ ನೆನ್ದದೆ ಸಾರ್," ಎಂದಿತು ನಂದೀಶನ ದನಿ.

"ಬೇರೆ ಪೊಟ್ಟಣ ತೆಗಿ."

"ಅದೂ ನೆನ್ದದೆ."

"ತೆಗೀದೆ ಹೆಂಗೆ ಗೊತ್ತಾಯ್ತು?"

"ಮುಟ್ಟಿದ್ರೆ ಗೊತ್ತಾಗ್ತದೆ ಸಾರ್."

ನವೆಂಬರ್ ನಡುವಿನಿಂದ ಆ ಕಡೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಪಟಾಕಿಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟು ಅಂದು ಬೆಳಿಗ್ಗೆಯಷ್ಟೇ ಹಂಚಲಾಗಿತ್ತು. ಹಂಚಿದವರು ಕೀರ್ತಿಕುಮಾರ್.

"ಮಹೇಶ್, ನಿನ್ ಹತ್ರ ಇರೋದು?"

"ನಂದೂ ನೆನ್ದದೆ ಸಾರ್."

"ನೀನು ಹೆಬ್ಬಾಲೆಯವನು. ನಿಂದ್ಯಾಕೆ ನೆನೀತು?"

"ಒಂದೇ ಡ್ರಮ್ಮಿಂದು ಅಲ್ವಾ ಸಾರ್."

"ಡಬ್ಬನಾದ್ರೂ ಬಡೀರಿ."

"ಬಡೀತಾನೇ ಇದೀವಿ."

ಕೀರ್ತಿಕುಮಾರ್ ಕಿವಿಗೊಟ್ಟರು. ಲೋಟದಲ್ಲಿ ಸಕ್ಕರೆ ಕದಡಿದಷ್ಟು ಶಬ್ದ ಬರುತ್ತಿತ್ತು. ಸಾವಿನ ಮನೆಯ ಕೆಳಗೆ ನಿಂತು ಪಟಾಕಿ ಹಚ್ಚುವವನು ಎಡ ಸಾಲಿನಲ್ಲಿ ಒಬ್ಬನೂ ಇರಲಿಲ್ಲ. ಗುಂಡು ಹಾರದೆ ಸಾವು ಊರಿಗೆ ತಿಳಿದ ಲೆಕ್ಕವಲ್ಲವಾದ್ದರಿಂದ ಹಾಗೆಂದು ಹೇಳುವಂತೆಯೂ ಇರಲಿಲ್ಲ.

ಆನೆಗಳಿಗೆ ಇದ್ಯಾವುದೂ ತಿಳಿದಿರಲಿಲ್ಲ. ಬಲಗಡೆ ಗದ್ದಲ, ಎಡಗಡೆ ಮೌನ. ಮುಂದಿದ್ದ ಹೆಣ್ಣಾನೆ ನಿಂತು, ಸೊಂಡಿಲು ಎತ್ತಿ, ಎಡಕ್ಕೆ ತಿರುಗಿತು. ಅದರ ಮುಂದೆ ಕಾಫಿ ಗಿಡಗಳ ನಡುವೆ ಹನ್ನೊಂದು ಜನ ಡಬ್ಬಗಳನ್ನು ಮೆಲ್ಲಗೆ ತಟ್ಟುತ್ತ ನಿಂತಿದ್ದರು. ಉಳಿದ ಆನೆಗಳೂ ತಿರುಗತೊಡಗಿದವು.

ಆಗ ಕೀರ್ತಿಕುಮಾರ್ ಅವರಿಗೆ ಹೊಳೆದದ್ದು ಒಂದು ಸರಳ ವಿಷಯ. ಮನುಷ್ಯರ ಪ್ರಾಣಕ್ಕೆ ಅಪಾಯವಿದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಅವರು ವಾಕಿಟಾಕಿಯ ಗುಂಡಿ ಒತ್ತಿ ಹೇಳಿದರು.

"ಅಬಾರ್ಟ್."

"ಅಬಾರ್ಟ್," ಎಂದ ಮಹೇಶ್ ಕೂಡಲೇ. ಕಾಯುತ್ತಿದ್ದವನ ಹಾಗೆ.

ಬಲ ಸಾಲಿನಿಂದ ಉತ್ತರ ತಡವಾಯಿತು. ಅಲ್ಲಿನ ಮುಂದಾಳು ಶಬ್ದ ಚೆನ್ನಾಗಿ ಮಾಡುತ್ತಿದ್ದ. "ಯಾಕೆ ಸಾರ್, ಇನ್ನೇನು ರೋಡು ಬಂತಲ್ಲ?" ಎಂದ.

"ಯಾಕೆ ಅಂತ ಕೇಳೋ ಹಾಗಿಲ್ಲ."

"ಅಬಾರ್ಟ್," ಎಂದ ಅವನು.

ಎರಡು ಸಾಲುಗಳೂ ಬದಿಗೆ ಸರಿದು, ಸುತ್ತು ಹಾಕಿ, ಬೆಳಿಗ್ಗೆ ಹೊರಟಿದ್ದ ಕಾಫಿ ಕಣಕ್ಕೆ ಮರಳಿದವು. ಯಾರೂ ಟೀ ಕುಡಿಯಲು ಹೋಗಲಿಲ್ಲ. ಶಬ್ದ ನಿಂತ ಮೇಲೆ ಆನೆಗಳು ಅಲ್ಲೇ ನಿಂತು ಒಂದು ಹಲಸಿನ ಮರದ ಎಲೆ ಎಳೆದು ತಿಂದವು. ಕಣದಲ್ಲಿ ಮಹೇಶ್ ತಲೆ ಎಣಿಸಿ ಇಪ್ಪತ್ತೆರಡು ಎಂದು ವರದಿ ಮಾಡಿದ. ಕೀರ್ತಿಕುಮಾರ್ ಮತ್ತೊಮ್ಮೆ ಎಣಿಸಲು ಹೇಳಿದರು. ಇಪ್ಪತ್ತೆರಡೇ ಇತ್ತು.

ಅವರು ಗೇಟು ತೆರೆದು ಮನೆಯವರೆಗೆ ಹೋದರು. ನಾಣಯ್ಯ ಜಗಲಿಗೆ ಬಂದರು.

"ಹುಡುಗ್ರು ಎಲ್ಲಾ ಕಣದಲ್ಲಿದ್ದಾರೆ ಸರ್. ಅಬಾರ್ಟ್ ಕೊಟ್ಟೆ."

"ಕಾರಣ?"

"ಎಡ ಸಾಲಿನಲ್ಲಿ ಪಟಾಕಿ ನೆನೆದಿತ್ತು. ಆನೆ ಆ ಕಡೆ ತಿರುಗಿತು."

ನಾಣಯ್ಯ ಆಕಾಶ ನೋಡಿದರು. ಮೋಡವಿರಲಿಲ್ಲ. "ಎಡ ಸಾಲಿನಲ್ಲಿ ಯಾರ್ಯಾರು?" ಎಂದು ಕೇಳಿದರು.

ಕೀರ್ತಿಕುಮಾರ್ ಹೆಸರು ಹೇಳಿದರು. ನಾಣಯ್ಯ ಹೂಂ ಎಂದು ಒಳಗೆ ಹೋಗಿ ಕೋವಿ ಇಳಿಸಿದರು.

ಅಂಗಳದಲ್ಲಿ ನಿಂತು ಡಬ್ಬದಿಂದ ಎರಡು ತೋಟೆ ತೆಗೆದು ತುಂಬಿದರು. ಮೂರನೆಯದನ್ನು ಅಮೃತಾ ಕೈಯಲ್ಲಿ ಹಿಡಿದುಕೊಂಡಳು. ಮೊದಲ ಗುಂಡು ಹಾರಿತು. ಆಮೇಲೆ ನಾಣಯ್ಯ ಒಂದು ಉಸಿರಿನಷ್ಟು ಹೊತ್ತು ತಡೆದರು. ಬಾಗಿಲಲ್ಲಿದ್ದ ಅವರ ಹೆಂಡತಿ ಕಣ್ಣು ಮುಚ್ಚಿದರು. ಎರಡನೆಯದೂ ಹಾರಿತು.

ಕೆಳಗೆ ಆನೆಗಳು ತಿರುಗಿ, ಬಂದ ದಾರಿಯಲ್ಲೇ ಇಳಿದು, ಕೆರೆಯ ಬಳಿ ಹೋಗಿ ನಿಂತವು. ಹೊರಟ ಜಾಗಕ್ಕೆ ಮರಳಬೇಕೆಂಬ ನಿಯಮ ಅವುಗಳಿಗೆ ಅನ್ವಯಿಸುತ್ತಿರಲಿಲ್ಲ.

ಕಪ್ಪು ಕೋಟಿನ ಹಿರಿಯರು ಐದೇ ನಿಮಿಷದಲ್ಲಿ ಬಂದರು. ಸುದ್ದಿ ಕೇಳಿ ಗಾಬರಿಯಾಯಿತು ಎಂದರು. ಬೋಪಣ್ಣ ಬಂದರು. ಕಾಲುದಾರಿಯಲ್ಲಿ ಜನ ಸಾಲುಗಟ್ಟಿದರು. ಕಣದಿಂದ ನಂದೀಶ್ ಮತ್ತು ಉಳಿದ ಮೂವರು ಊರವರು ಬಂದು ಡಬ್ಬಗಳನ್ನು ಗೇಟಿನ ಹೊರಗಿಟ್ಟು ಒಳಗೆ ಹೋದರು. ಮಹೇಶನೂ ಬಂದ. ಅವನಿಗೆ ಗುಂಡಿನ ಕಟ್ಟುಪಾಡು ಇರಲಿಲ್ಲ, ಆದರೂ ಬಂದ. ತಾನು ಒಮ್ಮೆ ಮಲಗಿದ್ದ ಜಗಲಿಯ ತುದಿಯಲ್ಲಿ ನಿಂತ.

ಹನ್ನೆರಡರೊಳಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಲೈನ್ ಮನೆಗಳಿಂದಲೂ ಹೆಂಗಸರು ಹೊರಟರು. ಮುಂದೆ ಇದ್ದವರು ಸುಮಿತ್ರಮ್ಮ, ಪಿಕ್ಕಿಂಗ್ ಗುಂಪಿನ ಹಿರಿಯಾಕೆ. ಸೋಮವಾರದಿಂದ ಕೆಲಸ ಶುರು ಎಂದು ಕೀರ್ತಿಕುಮಾರ್ ಹಿಂದಿನ ದಿನ ಅವರಿಗೆ ಮಾತು ಕೊಟ್ಟಿದ್ದರು. ಗೇಟಿನಲ್ಲಿ ಅವರನ್ನು ಕಂಡು ಸುಮಿತ್ರಮ್ಮ ನಿಂತರು.

"ಏನ್ ಸಾರ್, ಆನೆ ಹೋಯ್ತಾ?"

"ಇಲ್ಲಮ್ಮ."

"ಸೋಮವಾರ ಕೆಲಸ?"

"ಇಲ್ಲ. ಇನ್ನು ಮಂಗಳವಾರ ಓಡಿಸೋದು. ಅದಾದ್ಮೇಲೆ."

"ನಂಗೊತ್ತಿತ್ತು. ಹಂಗಾರೆ ಇವತ್ತು ಮಾಡಿದ್ದೇನು?"

"ಅಬಾರ್ಟ್ ಮಾಡಿದ್ವಿ."

"ಅಂದ್ರೆ?"

"ಮುಗಿಯೋಕ್ ಮುಂಚೆ ಬಿಟ್ಟುಬಿಡೋದು."

"ಅದಕ್ಕೂ ಒಂದು ಇಂಗ್ಲಿಷ್ ಬೇಕಾ ನಿಮಗೆ," ಎಂದರು ಸುಮಿತ್ರಮ್ಮ. ಸೆರಗು ಹೊದ್ದುಕೊಂಡು ಹೆಂಗಸರ ಜೊತೆ ಒಳಗೆ ಹೋದರು.

ಮಧ್ಯಾಹ್ನ ಕೀರ್ತಿಕುಮಾರ್ ಜೀಪಿನಲ್ಲೇ ಕುಳಿತು ವರದಿ ಬರೆದು ಫೋಟೊ ತೆಗೆದು ಕಳಿಸಿದರು. ಅರ್ಧ ಗಂಟೆಯಲ್ಲಿ ಮೇಲಧಿಕಾರಿ ಶಿವಪ್ರಕಾಶ್ ಫೋನ್ ಮಾಡಿದರು. ಅವರು ಮೀಟಿಂಗಿಗೆಂದು ಮಡಿಕೇರಿಯಲ್ಲಿದ್ದರು.

"ಏನ್ರೀ ಇದು, ಅಬಾರ್ಟ್ ಅಂತ ಬರ್ದಿದ್ದೀರಿ? ಇಲ್ಲಿ ಕೇಳ್ತಾರೆ. ತಾತ್ಕಾಲಿಕವಾಗಿ ಸ್ಥಗಿತ ಅಂತ ಬರೀರಿ."

"ಸ್ಥಗಿತ ಅಂದ್ರೆ ಇದ್ದಲ್ಲೇ ನಿಂತಿದೆ ಅಂತ ಸಾರ್. ನಾವು ವಾಪಸ್ ಬಂದಿದ್ದೀವಿ."

"ಮುಂದೂಡಲಾಗಿದೆ?"

"ಮುಂದೂಡೋದು ಶುರು ಮಾಡೋಕ್ ಮೊದ್ಲು ಸಾರ್. ನಾವು ಶುರು ಮಾಡಿದ್ವಿ."

"ಮೊಟಕು."

"ಮೊಟಕು ಅಂದ್ರೆ ಸ್ವಲ್ಪ ಕೆಲಸ ಆಗಿದೆ ಅಂತ ಆಗುತ್ತೆ. ಒಂದು ಆನೇನೂ ದಾಟಿಲ್ಲ."

"ರದ್ದು ಅಂತಾದ್ರೂ ಹಾಕ್ರೀ."

"ರದ್ದು ಅಂದ್ರೆ ನಡೆದೇ ಇಲ್ಲ ಅಂತ. ಡೀಸೆಲ್ ಬಿಲ್ ಇದೆ ಸಾರ್."

ಹಿಂದೆ ಯಾರೋ ಟೀ ಬೇಕೇ ಎಂದು ಕೇಳಿದ್ದು ಫೋನಿನಲ್ಲಿ ಕೇಳಿಸಿತು.

"ಸರಿ, ಇರ್ಲಿ. ಕಾರಣ ಏನು, ಪಟಾಕಿ ನೆನೆದಿತ್ತಾ?"

"ನೆನೆದಿತ್ತು ಅಂತ ಎಡ ಸಾಲಿನವರು ತಿಳಿಸಿದರು ಅಂತ ಬರೆದಿದ್ದೀನಿ ಸಾರ್."

"ಅಷ್ಟೂ ನೆನೆದಿತ್ತಾ?"

"ಎಡ ಸಾಲಿಂದು ಅಷ್ಟೂ."

"ಬಲ ಸಾಲಿಂದು?"

"ಚೆನ್ನಾಗಿತ್ತು."

"ಒಂದೇ ಡ್ರಮ್ಮು?"

"ಒಂದೇ ಡ್ರಮ್ಮು ಸಾರ್."

"ಹಾಳಾದ ಪಟಾಕಿಗೆ ಬದಲು ಹೊಸದಕ್ಕೆ ಇಂಡೆಂಟ್ ಕಳಿಸ್ತೀರಾ?"

ಕೀರ್ತಿಕುಮಾರ್ ಗೇಟಿನ ಕಡೆ ನೋಡಿದರು. ಅಲ್ಲಿ ನಾಲ್ಕು ಡಬ್ಬಗಳ ಪಕ್ಕದಲ್ಲಿ ಪಟಾಕಿಯ ಪೊಟ್ಟಣಗಳನ್ನು ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಿದ್ದರು. ಅವುಗಳ ಮೇಲೆ ಬಿಸಿಲು ಬಿದ್ದಿತ್ತು.

"ಬೇಡ ಸಾರ್. ಒಣಗಿಸ್ತೀವಿ," ಎಂದರು.

ಸಂಜೆಯ ಹೊತ್ತಿಗೆ ದೇಚವ್ವನ ಸಂಸ್ಕಾರ ಮುಗಿಯಿತು. ಬಂದವರ ಸಂಖ್ಯೆ ಮುನ್ನೂರು ದಾಟಿತ್ತೆಂದು ಅಮೃತಾ ಪೊನ್ನಂಪೇಟೆಯ ಅತ್ತೆಗೆ ಹೇಳಿದಳು. ಮೂರನೆಯ ತೋಟೆಯನ್ನು ನಾಣಯ್ಯ ಡಬ್ಬಕ್ಕೆ ಹಾಕಿ, ಮುಚ್ಚಳ ಒತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಮತ್ತೆ ಅದೇ ಜಾಗದಲ್ಲಿಟ್ಟರು.

ಮಂಗಳವಾರ ಕಾರ್ಯಾಚರಣೆ ಮತ್ತೆ ನಡೆಯಿತು. ಅದೇ ಇಪ್ಪತ್ತೆರಡು ಜನ, ಅದೇ ಸಾಲುಗಳು. ಎಡ ಸಾಲಿಗೆ ಶುಕ್ರವಾರ ಉಳಿದಿದ್ದ ಪಟಾಕಿಗಳನ್ನೇ ಕೊಡಲಾಯಿತು. ಒಂದೂ ಹುಸಿಯಾಗಲಿಲ್ಲ. ಮಧ್ಯಾಹ್ನ ಒಂದೂವರೆಗೆ ಏಳೂ ಆನೆಗಳು ರಸ್ತೆ ದಾಟಿದವು.